ದೊಡ್ಡವ್ವನ ಹನ್ನೊಂದು ಮೊಟ್ಟೆ

ನೆಲ ಬಿಸಿಯಾದದ್ದು ಮೊದಲು ಗೊತ್ತಾದದ್ದು ಹಾವುಗಳಿಗೆ. ನಮಗೆ ಗೊತ್ತಾಗುವ ಹೊತ್ತಿಗೆ ಹಾವುಗಳೇ ಇರಲಿಲ್ಲ.

ಹೀಗೆ ಹೇಳಿದರೆ ದೊಡ್ಡ ಮಾತು ಅನಿಸಬಹುದು, ಆದರೆ ವಿಷಯ ಸಣ್ಣದು. ಕೇರೆ ಹಾವು ಮೊಟ್ಟೆ ಇಡುವುದು ಮಣ್ಣಿನೊಳಗೆ, ಬಿಲದಲ್ಲೋ ಹುತ್ತದಲ್ಲೋ, ಒಂದು ಮೊಳ ಆಳದಲ್ಲಿ. ಅಲ್ಲಿ ಇಪ್ಪತ್ತೆಂಟು ಡಿಗ್ರಿ ಇರಬೇಕು, ಹೆಚ್ಚೆಂದರೆ ಮೂವತ್ತು. ನಮ್ಮ ಕಡೆ ಸಾಲಾಗಿ ಒಂಬತ್ತು ಬೇಸಿಗೆ ಆ ಆಳದಲ್ಲೂ ಮೂವತ್ತೇಳು ದಾಟಿತು. ಮೊಟ್ಟೆಗಳು ಇದ್ದಲ್ಲೇ ಬೆಂದವು. ದೊಡ್ಡ ಹಾವುಗಳು ಮುಪ್ಪಾಗಿ ಸತ್ತವು, ಅವುಗಳ ಜಾಗಕ್ಕೆ ಮರಿಗಳು ಬರಲಿಲ್ಲ. ಇಲಿಗಳಿಗೆ ಈ ತೊಂದರೆ ಇಲ್ಲ. ಬಿಲ ಸುಟ್ಟರೆ ತಾಯಿ ಇಲಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಯಾರದೋ ಮನೆಯ ಬಚ್ಚಲಿಗೆ ಹೋಗುತ್ತದೆ. ಮೊಟ್ಟೆಗೆ ಕಾಲಿಲ್ಲ.

ನಮ್ಮದು ಕಾಲುವೆ ದಂಡೆಯ ಹನುಮನಕಟ್ಟೆ ಕ್ಯಾಂಪ್ ಎಂಬ ಊರು. ಸುತ್ತಲೂ ಭತ್ತ, ನಡುವೆ ಹದಿನಾಲ್ಕು ಅಕ್ಕಿ ಗಿರಣಿ. ಇಲಿಗಳಿಗೆ ಇದಕ್ಕಿಂತ ಒಳ್ಳೆಯ ಊರು ಎಲ್ಲಿ ಸಿಗಬೇಕು? ಅವು ಅಕ್ಕಿ ತಿಂದರೆ ತಿನ್ನಲಿ ಎಂದು ಜನ ಮೊದಮೊದಲು ಸುಮ್ಮನಿದ್ದರು. ಆಮೇಲೆ ಇಲಿ ಜ್ವರ ಬಂತು. ಇಲಿ ಉಚ್ಚೆ ಹೊಯ್ದ ನೀರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಮೈ ಹಳದಿಯಾಗಿ, ಮೂತ್ರ ಕಟ್ಟಿ, ವಾರದೊಳಗೆ ಆಸ್ಪತ್ರೆ.

ವಿಷ ಇಟ್ಟು ನೋಡಿದರು, ಬೋನು ಇಟ್ಟು ನೋಡಿದರು. ಕೊನೆಗೆ ಸರ್ಕಾರವೇ ಹೊರಗಿನಿಂದ ತರಿಸಿ ಓಣಿಗೊಂದು ಕೇರೆ ಹಾವು ಕೊಡುವ ಯೋಜನೆ ತಂದಿತು. ಅದಕ್ಕೆ ಮನೆಹಾವು ಎಂದು ಹೆಸರು. ಚರ್ಮದ ಕೆಳಗೆ ಅಕ್ಕಿ ಕಾಳಿನಷ್ಟು ಎಲೆಕ್ಟ್ರಾನಿಕ್ ಚಿಪ್. ತಾಲೂಕಿನ ಮನೆಹಾವು ಕೇಂದ್ರದ ಗೋಡೆಯ ಮೇಲೆ ಒಂದು ದೊಡ್ಡ ಬೋರ್ಡು. ಒಂದೊಂದು ಹಾವಿಗೆ ಒಂದೊಂದು ಹಸಿರು ದೀಪ. ನಮ್ಮ ಓಣಿಗೆ ಬಂದ ಹಾವನ್ನು ಒಳಗೆ ಬಿಟ್ಟುಕೊಳ್ಳಲು ಯಾರೂ ಒಪ್ಪಲಿಲ್ಲ. ನಾನು ಫ್ರಿಜ್ ರಿಪೇರಿ ಮಾಡುವವನು. ಮನೆ ತುಂಬ ಸತ್ತ ಫ್ರಿಜ್ಜುಗಳಿದ್ದವು. ಅವುಗಳ ಸಂದಿಯಲ್ಲಿ ಅದು ತಾನೇ ಜಾಗ ಮಾಡಿಕೊಂಡಿತು. ಏಳಡಿ ಉದ್ದ, ಹಳೆಯ ಹಿತ್ತಾಳೆಯ ಬಣ್ಣ. ಓಣಿಯವರು ಅದಕ್ಕೆ ದೊಡ್ಡವ್ವ ಎಂದು ಹೆಸರಿಟ್ಟರು. ಅದು ಬಂದ ಮೂರು ತಿಂಗಳಿಗೆ ನಮ್ಮ ಓಣಿಯಲ್ಲಿ ಜ್ವರ ನಿಂತಿತು.

ನನ್ನ ಹೆಂಡತಿ ಹುಸೇನಬಿಗೆ ಜ್ವರ ಬಂದದ್ದು ಅದಕ್ಕಿಂತ ಮೊದಲು. ಬದುಕಿ ಬಂದಳು, ಆದರೆ ಮೂತ್ರಪಿಂಡ ಅರ್ಧಕ್ಕರ್ಧ ಹೋಗಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಇನ್ನೊಮ್ಮೆ ಈ ಜ್ವರ ಬಂದರೆ ಎಂದು ಶುರು ಮಾಡಿ ಮಾತು ಮುಗಿಸಲಿಲ್ಲ. ಒಳಗಿನ ಮಂಚದಿಂದ ಇವಳೇ ಮುಗಿಸಿದಳು.

"ಖಬರಸ್ತಾನದಾಗ ಜಾಗಾ ನೋಡಿಡ್ರಿ ಅಂತ ಹೇಳಾಕತ್ತಾರ ಅವರು. ಕೇಳಿಸ್ಕೊಂಡ್ರಲ್ಲ, ಬರ್ರಿ ಇನ್ನ."

ಮುಂದೊಂದು ವರ್ಷ ಬೇಸಿಗೆಯ ಮೊದಲಲ್ಲಿ ದೊಡ್ಡವ್ವ ಒಂದು ಹಳೆಯ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಹನ್ನೊಂದು ಮೊಟ್ಟೆ ಇಟ್ಟು, ಮೂರನೆಯ ದಿನ ಸತ್ತಿತು. ವಯಸ್ಸಾಗಿತ್ತು. ಮೊಟ್ಟೆಗಳ ಸುತ್ತ ಸುರುಳಿ ಸುತ್ತಿಕೊಂಡೇ ಹೋಗಿತ್ತು.

ನಾನು ತಾಲೂಕು ಕೇಂದ್ರಕ್ಕೆ ಫೋನು ಮಾಡಿದೆ. ಅಲ್ಲಿ ಬೋರ್ಡು ನೋಡುವವಳು ಸುನಂದಾ ಬಡಿಗೇರ ಎಂಬ ಹೆಣ್ಣುಮಗಳು.

"ನಿಮ್ಮ ದೀಪ ಆರಿದ್ದು ಮುಂಜಾನೇನ ನೋಡೀನ್ರಿ," ಎಂದಳು. "ಹೊಸಾ ಹಾವು ಬೇಕಂದ್ರ ಪಾಳಿ ನಾಕು ವರ್ಷ ಐತಿ. ಮೊಟ್ಟೆ ಇದ್ರ ಇಲ್ಲಿಗೆ ತಂದು ಒಪ್ಪಿಸಬೇಕು. ಹಂಗ ನಿಮ್ಮ ಸಾಮಾನಿನ ಚೀಲಾನೂ ತರ್ರಿ. ನಮ್ಮ ತಂಪಿನ ಮಷೀನು ಮತ್ತ ಕೆಟ್ಟೈತಿ."

ನಾನು ಚೀಲ ಮಾತ್ರ ತೆಗೆದುಕೊಂಡು ಹೋದೆ, ಮೊಟ್ಟೆಗಳನ್ನು ಆಮೇಲೆ ತಂದರಾಯಿತು ಎಂದು. ಹಾಗೆ ಮಾಡಿದ್ದು ಒಳ್ಳೆಯದಾಯಿತು.

ಕೇಂದ್ರದಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಬೋರ್ಡು. ನೂರ ಎಂಬತ್ತು ದೀಪದಲ್ಲಿ ನಲವತ್ತು ಉರಿಯುತ್ತಿದ್ದವು. ಅದರ ಎದುರು ಸುನಂದಾ ಹಣೆಗೆ ಒದ್ದೆ ಕರ್ಚೀಫು ಇಟ್ಟುಕೊಂಡು ಕುಳಿತಿದ್ದಳು. ಹಿಂದಿನ ಕೋಣೆಯಲ್ಲಿ ತಟ್ಟೆ ತಟ್ಟೆಯಾಗಿ ಮೊಟ್ಟೆಗಳು. ಬಾಗಿಲು ತೆಗೆದ ಕೂಡಲೇ ವಾಸನೆ ಬಂತು. ಹಳದಿ ತಿರುಗಿ, ಗುಳಿ ಬಿದ್ದು, ಮೇಲೆ ಬೂದಿಯಂಥ ಬೂಷ್ಟು. ಕರೆಂಟು ದಿನಕ್ಕೆ ಆರು ತಾಸು ಹೋಗುತ್ತದೆ. ಹೋದಾಗ ಆ ಕೋಣೆ ಒಲೆ.

ಸುನಂದಾ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. "ಮೌಲಾಸಾಬ್, ನಾನು ಹೇಳಿಲ್ಲ, ನೀವು ಕೇಳಿಲ್ಲ. ನಿಮ್ಮ ಮೊಟ್ಟೆ ಇಲ್ಲಿಗೆ ತರಬ್ಯಾಡ್ರಿ."

"ಮತ್ತ ಏನ್ ಮಾಡ್ಲಿ ತಂಗಿ?"

"ಇಪ್ಪತ್ತೆಂಟು, ಇಪ್ಪತ್ತೊಂಬತ್ತರಾಗ ಇಡ್ರಿ, ಎರಡು ತಿಂಗಳ ಮ್ಯಾಲೆ. ಹಸಿ ಇರಬೇಕು, ನೀರು ನಿಂದರಬಾರದು. ಇನ್ನೊಂದು, ಇದನ್ನ ಮರೀಬ್ಯಾಡ್ರಿ, ಮೊಟ್ಟಿ ಯಾವ ಮಗ್ಗಲು ಮ್ಯಾಲೆ ಐತಿ, ಕಡೀತನಾ ಅದೇ ಮಗ್ಗಲು ಮ್ಯಾಲೇ ಇರಬೇಕು. ಕೋಳಿ ಮೊಟ್ಟಿ ಹೊಳ್ಳಿಸಿದಂಗ ಹೊಳ್ಳಿಸೀರಿ ಮತ್ತ! ಇದರಾಗ ಮರಿ ಮ್ಯಾಲಿನ ತೊಗಲಿಗೆ ಅಂಟಿಕೊಂಡು ಬೆಳೀತೈತಿ. ತಿರುವಿಬಿಟ್ರ ಒಳಗಿನ ಹಳದಿ ಬಂಡಾರದ ಕೆಳಗ ಸಿಕ್ಕು ಉಸಿರು ಕಟ್ತೈತಿ. ಗುರುತು ಹಾಕಿ ಇಡ್ರಿ."

ಮನೆಗೆ ಬಂದು ಗುರುತು ಹಾಕಲು ಕುಳಿತೆ. ಹಾವಿನ ಮೊಟ್ಟೆ ಕೋಳಿ ಮೊಟ್ಟೆಯಂತೆ ಗಟ್ಟಿಯಲ್ಲ. ಒದ್ದೆ ಚಕ್ಕಳದಂತೆ ಮೆತ್ತಗೆ. ಪೆನ್ಸಿಲು ಹತ್ತಲಿಲ್ಲ. ಶಾಯಿ ಒಳಗಿಳಿದರೆ ಮರಿಗೆ ವಿಷ. ಪಕ್ಕದ ಮನೆಯ ಗವಿಸಿದ್ದಮ್ಮನ ಹತ್ತಿರ ಹೋಗಿ ಒಂದು ಚಿಟಿಕೆ ಕುಂಕುಮ ಕೇಳಿದೆ. ಆಕೆ ಮನೆಯಲ್ಲೇ ಅರಿಶಿನದಿಂದ ಕುಂಕುಮ ಮಾಡುವವಳು, ಬಣ್ಣದ ಪುಡಿ ಅಲ್ಲ.

"ಮೌಲಾಣ್ಣ," ಎಂದು ಆಕೆ ಬಟ್ಟಲು ಹಿಡಿದು ನಿಂತೇ ಬಿಟ್ಟಳು, "ನಾಗಪ್ಪಗ ಕುಂಕುಮ ಹಚ್ಚಬೇಕಂತ ನಿನಗ ಯಾರು ಹೇಳಿದ್ರು? ಕಡೀಗೂ ಬುದ್ಧಿ ಬಂತು ನೋಡು!"

ನಾನು ನಕ್ಕೆ. ಬಿಡಿಸಿ ಹೇಳಬೇಕಿತ್ತು. ನಲವತ್ತೈದು ಡಿಗ್ರಿ ಬಿಸಿಲಲ್ಲಿ ಬಸ್ಸಿಗೆ ನಿಂತು ಬಂದಿದ್ದೆ, ಎರಡು ಮಾತು ಹೆಚ್ಚಿಗೆ ಆಡುವಷ್ಟು ತ್ರಾಣ ಇರಲಿಲ್ಲ. ಹನ್ನೊಂದು ಮೊಟ್ಟೆಗಳ ನೆತ್ತಿಗೆ ಹನ್ನೊಂದು ಕೆಂಪು ಬೊಟ್ಟು ಇಟ್ಟೆ. ಚೆನ್ನಾಗಿ ಹತ್ತಿತು.

ಇನ್ನು ಪೆಟ್ಟಿಗೆ. ಬೇರೆ ದೇಶದವರು ಹಾವಿನ ಮೊಟ್ಟೆಗೆ ಬಿಸಿ ಮಾಡುವ ಪೆಟ್ಟಿಗೆ ಕಟ್ಟುತ್ತಾರಂತೆ. ನಮಗೆ ಬೇಕಾದದ್ದು ತಂಪು ಮಾಡುವುದು. ಮೊದಲು ನನ್ನ ಕಸುಬಿನ ಅಹಂಕಾರದಲ್ಲಿ ಒಂದು ಫ್ರಿಜ್ಜನ್ನೇ ಚಾಲೂ ಮಾಡಿ, ಗಿರಣಿಯ ಭತ್ತ ಒಣಗಿಸುವ ಯಂತ್ರದ ಉಷ್ಣ ನಿಯಂತ್ರಕ ಕೂರಿಸಿದೆ. ಮೊಟ್ಟೆ ಇಡುವ ಮುಂಚೆ ಒಂದು ದಿನ ಖಾಲಿ ಓಡಿಸಿ ನೋಡಿದೆ. ಕಂಪ್ರೆಸರ್ ಶುರುವಾದರೆ ಇಪ್ಪತ್ಮೂರಕ್ಕೆ ಇಳಿಯುತ್ತದೆ, ನಿಂತರೆ ಮೂವತ್ಮೂರಕ್ಕೆ ಏರುತ್ತದೆ, ಕರೆಂಟು ಹೋದರೆ ಎಲ್ಲಿಗೋ. ನಿಯಂತ್ರಕ ಬದಲಿಸಿದೆ, ತಂತಿ ಬದಲಿಸಿದೆ, ಎರಡು ದಿನ ಅದರ ಮುಂದೆಯೇ ಕುಕ್ಕುರುಗಾಲಲ್ಲಿ ಕುಳಿತೆ. ಅಷ್ಟೂ ದಿನ ಮೊಟ್ಟೆಗಳು ಒದ್ದೆ ಬಟ್ಟೆ ಸುತ್ತಿದ ತರಕಾರಿ ಡಬ್ಬಿಯಲ್ಲೇ ಇದ್ದವು.

ಹುಸೇನಬಿ ಮಂಚದ ಮೇಲೆ ಮಲಗಿ ಎಲ್ಲ ನೋಡುತ್ತಿದ್ದಳು. ಜ್ವರಕ್ಕೆ ಮುಂಚೆ ಇಪ್ಪತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಉಸುಕು ಹುರಿದವಳು.

"ಅದಕ್ಯಾಕ ಅಷ್ಟು ಗದ್ದಲ ಹಾಕ್ತೀರಿ? ಭಟ್ಟ್ಯಾಗ ಕಟಗಿ ಮುಗದ್ರೂ ಅರ್ಧ ತಾಸು ಮಂಡಕ್ಕಿ ಉಬ್ಬತಿದ್ವು. ಯಾಕ? ಉಸುಕು. ಬಿಸಿ ಹಿಡದ್ರ ಬಿಡಂಗಿಲ್ಲ ಅದು. ತಂಪು ಹಿಡದ್ರೂ ಬಿಡಂಗಿಲ್ಲ. ನಿಮ್ಮಂಗ ಗಳಿಗೆಗೊಂದು ಮಾತಾಡಂಗಿಲ್ಲ."

ಮೂವತ್ತು ವರ್ಷ ಫ್ರಿಜ್ ಬಿಚ್ಚಿದವನಿಗೆ ಇದು ಹೊಳೆಯಲಿಲ್ಲ. ಕಂಪ್ರೆಸರ್ ಕಿತ್ತು ಎಸೆದೆ. ಫ್ರಿಜ್ಜನ್ನು ಅಂಗಾತ ಮಲಗಿಸಿದೆ. ಅದರ ಗೋಡೆಯೊಳಗಿನ ನೊರೆಯಂಥ ಫೋಮಿನ ಹಾಸು ಹೊರಗಿನ ಸೆಕೆಯನ್ನು ತಡೆಯುತ್ತದೆ. ಒಳಗೆ ನಾಲ್ಕು ಬೆರಳು ಒದ್ದೆ ಉಸುಕು, ಅದರ ನಡುವೆ ಅಗಲ ಬಾಯಿಯ ಮಣ್ಣಿನ ಹರವಿ. ಹರವಿಯಲ್ಲಿ ಗಿರಣಿಯ ಒಲೆಯಲ್ಲಿ ಅರೆಸುಟ್ಟ ಕರಿ ಹೊಟ್ಟನ್ನು ಏಳು ನೀರಲ್ಲಿ ತೊಳೆದು ಹಾಸಿದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೇ ಹನಿ ಬೀಳಬೇಕು, ಅಷ್ಟು ಹಸಿ. ಒಂದು ಕೊನೆಯಲ್ಲಿ ತೂತು ಕೊರೆದು ಗೋಣಿಚೀಲ ಕಟ್ಟಿದೆ. ಇನ್ನೊಂದು ಕೊನೆಯಲ್ಲಿ ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನು, ಅದಕ್ಕೆ ಮಾಳಿಗೆಯ ಮೇಲೆ ಸೋಲಾರ್ ಹಲಗೆ. ಫ್ಯಾನು ಒದ್ದೆ ಗೋಣಿಯ ಮೂಲಕ ಗಾಳಿ ಎಳೆಯುತ್ತದೆ, ಗೋಣಿಯ ನೀರು ಆರುತ್ತಾ ಗಾಳಿಯ ಕಾವನ್ನು ಹೊತ್ತೊಯ್ಯುತ್ತದೆ. ನಮ್ಮ ಕಡೆಯ ಸೆಕೆಗೆ ಇರುವ ಒಂದೇ ಒಳ್ಳೆಯ ಗುಣ ಅದು ಒಣ ಸೆಕೆ ಎಂಬುದು.

ಸಂಜೆಗೆ ಉಷ್ಣಮಾಪಕ ಇಪ್ಪತ್ತೆಂಟೂವರೆಗೆ ಬಂದು ನಿಂತಿತು. ಅಲ್ಲೇ ನಿಂತಿತು. ನಾನು ಮೊಟ್ಟೆಗಳನ್ನು ಒಂದೊಂದಾಗಿ, ಬೊಟ್ಟು ಮೇಲಿರುವಂತೆ, ಉಸಿರು ಬಿಗಿಹಿಡಿದು ಹರವಿಗೆ ಇಳಿಸಿದೆ.

ಕಷ್ಟ ಒಂದೇ. ಗೋಣಿ ಮುಕ್ಕಾಲು ತಾಸಿಗೆ ಒಣಗುತ್ತಿತ್ತು. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಮುಕ್ಕಾಲು ತಾಸಿಗೊಮ್ಮೆ ಚೆಂಬು ನೀರು, ಎರಡು ತಿಂಗಳಿಗೂ ಹೆಚ್ಚು. ಓಣಿಯ ಹೆಂಗಸರು ಪಾಳಿ ಹಚ್ಚಿಕೊಂಡರು. ಮೊದಲ ವಾರ ಹಾಡು, ನಗೆ. ಎರಡನೆಯ ವಾರ ಬರೀ ಮಾತು. ಮೂರನೆಯ ವಾರದಿಂದ ಬಂದವರು ಬಾಗಿಲಿಗೆ ಒರಗಿ, ನೀರು ಸುರಿದು, ಮಾತಿಲ್ಲದೆ ಹೋಗುತ್ತಿದ್ದರು. ಸೆಕೆ ಮನುಷ್ಯರನ್ನು ಹಾಗೆ ಹಿಂಡುತ್ತದೆ. ಇಪ್ಪತ್ತನೆಯ ದಿನಕ್ಕೆ ಮೂರು ಮೊಟ್ಟೆ ಗುಳಿಬಿದ್ದು ಬೂಷ್ಟು ಹಿಡಿದವು. ತೆಗೆದು ಹೂಳಿದೆ. ಎಂಟು ಉಳಿದವು.

ಅಷ್ಟರಲ್ಲಿ ಇಲಿಗಳಿಗೂ ದೊಡ್ಡವ್ವ ಸತ್ತ ಸುದ್ದಿ ಮುಟ್ಟಿತ್ತು. ಹಗಲಿನಲ್ಲೇ ಅಡುಗೆಮನೆಯ ಗೂಡಿನಲ್ಲಿ ಕುಳಿತು ಮೀಸೆ ಒರೆಸಿಕೊಳ್ಳುತ್ತಿದ್ದವು. ಹುಸೇನಬಿಗೆ ಚಪ್ಪಲಿ ಇಲ್ಲದೆ ನೆಲಕ್ಕೆ ಕಾಲಿಡಬೇಡ ಎಂದಿದ್ದೆ, ಕುಡಿಯುವ ನೀರು ಕುದಿಸಿ ಮುಚ್ಚಿಡುತ್ತಿದ್ದೆ. ಒಂದು ದಿನ ಮುಚ್ಚಳದ ಮೇಲೆಯೇ ಹಿಕ್ಕೆ ಇತ್ತು. ಅವಳು ಅದನ್ನು ನೋಡಿ, "ನನಗ ಸಾಕಾಗೇತ್ರಿ," ಎಂದಳು. ಅಷ್ಟೇ. ಸಿಟ್ಟಿಲ್ಲ, ಅಳು ಇಲ್ಲ. ನನಗೆ ಅದೇ ಹೆದರಿಕೆ ತಂದಿತು.

ಮೂವತ್ತೊಂದನೆಯ ದಿನ ಶುಕ್ರವಾರ. ಕೇಂದ್ರದ ಯಂತ್ರ ಮತ್ತೆ ಕೆಟ್ಟಿತ್ತು, ಬೆಳಿಗ್ಗೆಯೇ ಹೋಗಿದ್ದೆ. ಮಧ್ಯಾಹ್ನ ಎರಡಕ್ಕೆ ಬಂದಾಗ ಗವಿಸಿದ್ದಮ್ಮ ಬಾಗಿಲಲ್ಲೇ ನಿಂತಿದ್ದಳು, ಮುಖ ತುಂಬ ನಗು. ತಿಂಗಳಲ್ಲಿ ಆ ಓಣಿಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ.

"ಬಾ ಮೌಲಾಣ್ಣ, ನೋಡು ಬಾ. ಕುಂಕುಮ ಎಲ್ಲಾ ಮಾಸಿ ಹೋಗಿತ್ತಪ್ಪ. ಶುಕ್ರವಾರ, ಹಳೇ ಕುಂಕುಮದಾಗ ಬಿಟ್ರ ಹೆಂಗ? ಮುಂಜಾನೆ ಒಂಬತ್ತಕ್ಕ ಮಡೀಲೆ ಬಂದು, ಹುಸೇನಬಿಗೆ ನಿದ್ದಿ ಹತ್ತಿತ್ತು, ಎಬ್ಬಿಸದಂಗ ಒಂದೊಂದೂ ತಗದು ಒರಸಿ, ಅರಿಶಿಣ ಹಚ್ಚಿ ಹೊಸಾ ಕುಂಕುಮ ಇಟ್ಟೀನಿ."

ನಾನು ಮುಚ್ಚಳ ಎತ್ತಿದೆ. ಎಂಟು ಮೊಟ್ಟೆಗಳು ಹೂವಿನ ದಳಗಳ ಹಾಗೆ ವೃತ್ತದಲ್ಲಿ ಕುಳಿತಿದ್ದವು. ಹಳದಿ ಮೈ, ಕೆಂಪು ಬೊಟ್ಟು. ನೋಡಲು ಬಹಳ ಚೆಂದ ಇದ್ದವು.

"ವೈನಿ, ಹೊಳ್ಳಿಸಿದೇನು?"

"ಮತ್ತ ಒರಸಬೇಕಲ್ಲೋ ಸುತ್ತಾಕಡೆ."

"ಯಾವ ಮಗ್ಗಲು ಮ್ಯಾಲಿತ್ತು, ನೆಪ್ಪೈತೇನು?"

ಆಕೆಯ ನಗು ನಿಂತಿತು. ನಾನು ಒಂದು ತಿಂಗಳ ಹಿಂದೆ ಹೇಳಬೇಕಾಗಿದ್ದ ಮಾತನ್ನು ಆಗ ಹೇಳಿದೆ. ಆ ಬೊಟ್ಟು ಯಾಕೆ ಇಟ್ಟಿದ್ದು, ತಿರುಗಿಸಿದರೆ ಒಳಗೆ ಏನಾಗುತ್ತದೆ. ಆಕೆ ಕೇಳುತ್ತಾ ಕೇಳುತ್ತಾ ಗೋಡೆ ಹಿಡಿದು ನೆಲಕ್ಕೆ ಕುಳಿತಳು.

"ಹೇಳಬೇಕಿಲ್ಲೇನೋ! ಬಾಯಿ ಇತ್ತಿಲ್ಲೋ ನಿನಗ! ಕುಂಕುಮ ಇಸ್ಕೊಂಡು ಹೋಗೋವಾಗ ಹಲ್ಲು ಕಿಸದಿ, ಹೇಳಿದೇನು?" ಎಂದು ಬೈದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸುನಂದಾಗೆ ಫೋನು ಮಾಡಿದೆ. ಆದದ್ದನ್ನು ಹೇಳಿದೆ.

"ಎಷ್ಟು ತಾಸಾತು?"

"ಐದು."

"ಕತ್ತಲಿ ಮಾಡಿ, ಮೊಟ್ಟೆಗೆ ಬ್ಯಾಟ್ರಿ ಹಿಡೀರಿ. ಕೆಂಪು ನರ ಜಾಲದಂಗ ಕಾಣ್ತಾವ, ನಡುವ ಕಪ್ಪು ಮಚ್ಚಿ. ಅದೇ ಮರಿ. ಅದನ್ನ ಮ್ಯಾಲೆ ಮಾಡಿ ಇಡ್ರಿ. ಎಷ್ಟು ಉಳೀತಾವೋ ನನಗೂ ಗೊತ್ತಿಲ್ಲ ಮೌಲಾಸಾಬ್. ಲಗೂ ಮಾಡ್ರಿ."

ಬಚ್ಚಲಿನ ಕಿಟಕಿಗೆ ರಟ್ಟು ಹೊಡೆದು, ಬಾಗಿಲ ಸಂದಿಗೆ ಗೋಣಿ ತುರುಕಿ ಕತ್ತಲೆ ಮಾಡಿದೆವು. ಬೆಸುಗೆಯ ಬೆಂಕಿ ನೋಡಿ ನೋಡಿ ನನ್ನ ಕಣ್ಣು ಮಂದವಾಗಿವೆ. ನನಗೆ ಎಲ್ಲವೂ ಒಂದೇ ಹಳದಿ ಬೆಳಕು. ಹುಸೇನಬಿ ಚಪ್ಪಲಿ ಮೆಟ್ಟಿಕೊಂಡು ಗೋಡೆ ಹಿಡಿದು ಬಂದು, ನೀರಿನ ಕಟ್ಟೆಯ ಮೇಲೆ ಕುಳಿತು ಕೈ ಚಾಚಿದಳು. ನಾನು ಮೊಟ್ಟೆ ಕೊಟ್ಟೆ, ಬ್ಯಾಟರಿ ಹಿಡಿದೆ. ಅವಳು ನೋಡಿದಳು.

"ಐತಿ. ಇಲ್ಲಿ ಕೆಳಗ ಹೋಗೇತಿ." ಮೆಲ್ಲಗೆ ತಿರುಗಿಸಿ, ಬೆರಳಿನಿಂದ ಮೇಲ್ಗಡೆ ತೋರಿಸಿದಳು. ನಾನು ಬೊಟ್ಟು ಇಟ್ಟೆ. "ನನ್ನ ನರ ಹುಡುಕಾಕ ಆ ನರ್ಸಕ್ಕ ಹತ್ತು ಸಲ ಚುಚ್ಚತಾಳ. ಇದು ನೋಡ್ರಿ, ಕೇಳಿದ ಕೂಡ್ಲೇ ತೋರಸ್ತೈತಿ."

ಎರಡು ಮೊಟ್ಟೆಗಳಲ್ಲಿ ನರ ಇರಲಿಲ್ಲ. ಆರರಲ್ಲಿ ಇತ್ತು. ಕೊನೆಯದನ್ನು ಅವಳು ಬಹಳ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಳು.

"ಕೊಡು, ಹೊತ್ತಾತು."

"ತಡೀರಿ. ಹೊಡಕೊಳ್ಳಾಕತ್ತೈತಿ ಅದರ ಎದಿ. ಎಣಸಾಕತ್ತೀನಿ."

ಮರುದಿನದಿಂದ ಗವಿಸಿದ್ದಮ್ಮ ಪಾಳಿಗೆ ಬರಲಿಲ್ಲ. ಮೂರನೆಯ ದಿನ ಹುಸೇನಬಿ ಮಂಚದಿಂದಲೇ ಗೋಡೆಯಾಚೆ ಕೇಳುವಂತೆ ಕೂಗಿದಳು. "ಗವಿಸಿದ್ದವ್ವಾ! ಗೋಣಿ ಒಣಗಾಕತ್ತೈತಿ. ಅಳೋದಿದ್ರ ಇಲ್ಲೇ ಬಂದು ಅಳು, ಹಂಗ ಒಂದು ಚೆಂಬು ನೀರೂ ಹಾಕು." ಆಕೆ ಬಂದಳು. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪೆಟ್ಟಿಗೆಯ ಕಡೆ ನೋಡದೆ, ಬಲಗೈಯಿಂದ ನೀರು ಸುರಿದು ಹೋದಳು. ಕೊನೆಯ ತನಕ ಹಾಗೆಯೇ ಮಾಡಿದಳು.

ಐವತ್ತನೆಯ ದಿನದ ಸುಮಾರಿಗೆ ಹುಸೇನಬಿಗೆ ಜ್ವರ ಬಂತು. ರಕ್ತ ಪರೀಕ್ಷೆಗೆ ಕೊಟ್ಟು ಬಂದು ಎರಡು ದಿನ ಕಾದೆವು. ಇಲಿ ಜ್ವರ ಅಲ್ಲ, ಬಿಸಿಲಿನದು ಎಂದರು. ಆ ಎರಡು ದಿನ ನಾನು ಗೋಣಿಗೆ ನೀರು ಹಾಕಿದೆನೋ ಇಲ್ಲವೋ ನೆನಪಿಲ್ಲ. ಯಾರೋ ಹಾಕಿದ್ದಾರೆ.

ಅರವತ್ತೇಳನೆಯ ದಿನ ಬೆಳಿಗ್ಗೆ ಒಂದು ಮೊಟ್ಟೆಯ ಮೇಲೆ ಬ್ಲೇಡಿನಲ್ಲಿ ಗೀರಿದಂಥ ಸೀಳು. ಹತ್ತು ಗಂಟೆಗೆ ಅದರೊಳಗಿನಿಂದ ಹೆಸರು ಕಾಳಿನಷ್ಟು ದೊಡ್ಡ ಎರಡು ಕಣ್ಣು. ಮಧ್ಯಾಹ್ನಕ್ಕೆ ಮರಿ ಪೂರ್ತಿ ಹೊರಗೆ ಬಂತು, ಎರಡು ಗೇಣಿಗೆ ತುಸು ಕಡಿಮೆ ಉದ್ದ, ಕಿರುಬೆರಳಿಗಿಂತ ಸಣ್ಣ. ಮರುದಿನ ಇನ್ನೊಂದು ಮೊಟ್ಟೆ ಸೀಳಿತು. ತಲೆ ಮಾತ್ರ ಹೊರಗೆ ಹಾಕಿ ಆ ಮರಿ ಅಲ್ಲೇ ಸತ್ತಿತು. ಉಳಿದ ನಾಲ್ಕು ಸೀಳಲೇ ಇಲ್ಲ. ವಾರ ಕಾದು ನಾನೇ ಕತ್ತರಿಯಿಂದ ಬಿಡಿಸಿದೆ. ಕಣ್ಣು, ಹುರುಪೆ, ಬಾಲದ ತುದಿ, ಎಲ್ಲ ಮುಗಿದಿತ್ತು. ಉಸಿರು ಮಾತ್ರ ಆಗಿರಲಿಲ್ಲ.

ಹಿತ್ತಿಲಲ್ಲಿ ಕುಣಿ ತೋಡುವಾಗ ಗವಿಸಿದ್ದಮ್ಮ ಗೋಡೆಯ ಆಚೆ ನಿಂತಿದ್ದಳು.

"ಎಷ್ಟು?"

"ಒಂದು ಐತಿ ವೈನಿ, ಚಲೋ ಐತಿ."

"ಸತ್ತಿದ್ದು ಕೇಳಿದ್ನಿ ನಾನು."

"ಐದು." ಅವಳ ಮುಖ ನೋಡಿ ಹೇಳಿದೆ, "ಅರ್ಧ ನನ್ನವು. ಹೇಳದೇ ಬಿಟ್ಟಿದ್ದು ನಾನು."

"ಐದರಾಗ ಅರ್ಧ ಹೆಂಗ ಹಂಚ್ತೀಯೋ?"

"ಮೂರು ನನಗಿರ್ಲಿ ಬಿಡು."

ಆಕೆ ತಲೆ ಆಡಿಸಿ ಒಳಗೆ ಹೋದಳು.

ಸುನಂದಾ ತಾನೇ ಬಂದಳು, ಚಿಪ್ ಹಾಕುವ ಸೂಜಿ ಹಿಡಿದುಕೊಂಡು. ಆ ವರ್ಷ ಕೇಂದ್ರದ ಮುನ್ನೂರು ಮೊಟ್ಟೆಗಳಲ್ಲಿ ಒಂದೂ ಮರಿಯಾಗಿರಲಿಲ್ಲ. ನಮ್ಮ ಹರವಿಯ ಮುಂದೆ ಕುಳಿತು ಮರಿಯನ್ನು ನೋಡಿದಳು, ಸೂಜಿಯನ್ನು ನೋಡಿದಳು, ಸೂಜಿಯನ್ನು ಚೀಲಕ್ಕೆ ಹಾಕಿದಳು.

"ಇದಕ್ಕ ಚುಚ್ಚಿದ್ರ ಸತ್ತೇ ಹೊಕ್ಕೈತಿ. ಹೆಬ್ಬೆರಳು ದಪ್ಪ ಆಗಬೇಕ್ರಿ. ಅಲ್ಲೀತನಾ ಬೋರ್ಡಿನ ಮ್ಯಾಲೆ ನಿಮ್ಮ ಓಣಿ ಕತ್ತಲೇ."

"ಇಲಿ ಯಾವಾಗ ಹಿಡೀತೈತಿ?" ಎಂದು ನಾನು ಕೇಳಿದೆ. ಎರಡು ತಿಂಗಳಲ್ಲಿ ನಾನು ಕೇಳದೇ ಬಿಟ್ಟ ಇನ್ನೊಂದು ಮಾತು ಅದು. ಮೊಟ್ಟೆ ಒಡೆದರೆ ಹಾವು ಬರುತ್ತದೆ ಎಂದಷ್ಟೇ ಅಂದುಕೊಂಡಿದ್ದೆ.

ಅವಳು ಕರ್ಚೀಫಿನಿಂದ ಕತ್ತು ಒರೆಸಿಕೊಂಡಳು. "ಈಗ ಹಲ್ಲಿ, ಸಣ್ಣ ಕಪ್ಪಿ ಅಷ್ಟೇ ತಿಂತೈತಿ, ಅವನ್ನೂ ನೀವೇ ಹಿಡದು ಕೊಡಬೇಕು. ದೊಡ್ಡ ಇಲಿ ಹಿಡಿಯಾಕ ಎರಡು ವರ್ಷ ಬೇಕ್ರಿ, ಮೌಲಾಸಾಬ್."

ಫ್ಯಾನು ತಿರುಗುತ್ತಿತ್ತು. ಅಡುಗೆಮನೆಯ ಗೂಡಿನಲ್ಲಿ ಏನೋ ಸರಸರ ಎಂದಿತು. ನಾನು ಹುಸೇನಬಿಯ ಕಡೆ ನೋಡುವ ಧೈರ್ಯ ಮಾಡಲಿಲ್ಲ.

ಅವಳು ಮಂಚದಿಂದ ಕಾಲು ಇಳಿಬಿಟ್ಟು, ಚಪ್ಪಲಿ ಹುಡುಕಿ ಮೆಟ್ಟಿ, ಗೋಡೆ ಹಿಡಿದು ಬಂದು ಹರವಿಯೊಳಗೆ ಇಣುಕಿದಳು. ಮರಿ ತಲೆ ಎತ್ತಿ ನಾಲಿಗೆ ಆಡಿಸಿತು.

"ಎರಡು ವರ್ಷ ಅಂದ್ರ," ಎಂದಳು, ಮುಗಿಯಿತು ಎಂದುಕೊಂಡ ಹೊತ್ತಿಗೆ ಭಟ್ಟಿಗೆ ಮತ್ತೊಂದು ಚೀಲ ಬಂದಿಳಿದಾಗ ಹೇಳುತ್ತಿದ್ದ ಅದೇ ದಣಿದ ದನಿಯಲ್ಲಿ, "ಅಲ್ಲೀತನಾ ಇರಬೇಕಾತು ನಾನು." ನನ್ನ ಕಡೆ ತಿರುಗಿದಳು. "ನಿಂತೇನ್ ನೋಡ್ತೀರಿ? ಹಸದೈತಿ ಅದು. ಹೋಗಿ ಒಂದು ಹಲ್ಲಿ ಹಿಡ್ಕೊಂಡು ಬರ್ರಿ."

ನಾನು ಕಸಬರಿಗೆ ತೆಗೆದುಕೊಂಡು ಗೋಡೆ ನೋಡುತ್ತಾ ಹೊರಟೆ.